ಬಯಲಲ್ಲಿ ಧ್ವನಿ: ಚಂಡೆಯಿಂದ ಅಂಗಳದ ಸ್ಪೀಕರ್‌ವರೆಗೆ

ಬೇಸಿಗೆಯ ಸಂಜೆ. ಅಂಗಳದಲ್ಲೋ ತಾರಸಿಯ ಮೇಲೋ ಬಿಳಿಯ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ, ಪ್ರೊಜೆಕ್ಟರ್ ಹೊತ್ತಿಸಿ, ನೆಂಟರಿಷ್ಟರೆಲ್ಲ ಕೂಡಿ ಸಿನಿಮಾವನ್ನೋ ಕ್ರಿಕೆಟ್ ಪಂದ್ಯವನ್ನೋ ನೋಡುವುದು ಈಗ ನಮ್ಮ ನಗರಗಳಲ್ಲಿ ಅಪರೂಪವೇನಲ್ಲ. ಚಿತ್ರದ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ಕತ್ತಲಾದರೆ ಸಾಕು, ಅದು ತಾನಾಗಿ ಮೂಡುತ್ತದೆ. ತಕರಾರು ಶುರುವಾಗುವುದು ಧ್ವನಿಯಿಂದ. ಹಿಂದೆ ಕುರ್ಚಿಯಲ್ಲಿ ಕುಳಿತ ಅಜ್ಜಿ, ‘ಏನೂ ಕೇಳಿಸ್ತಿಲ್ಲ ಕಣ್ರೋ, ಸ್ವಲ್ಪ ಜೋರು ಮಾಡಿ’ ಎನ್ನುತ್ತಾರೆ. ಜೋರು ಮಾಡಿದ ಐದು ನಿಮಿಷಕ್ಕೆ ಪಕ್ಕದ ಮನೆಯ ಕಿಟಕಿ ತೆರೆಯುತ್ತದೆ: ‘ಬೇಜಾರು ಮಾಡ್ಕೋಬೇಡಿ, ಮಗೂಗೆ ನಾಳೆ ಪರೀಕ್ಷೆ ಇದೆ. ಸ್ವಲ್ಪ ಕಡಿಮೆ ಮಾಡ್ತೀರಾ?’

ಅಜ್ಜಿಯ ಮಾತೂ ನ್ಯಾಯ, ಪಕ್ಕದ ಮನೆಯವರ ಮಾತೂ ನ್ಯಾಯ. ಇವೆರಡರ ನಡುವಿನ ಜಗ್ಗಾಟ ಇಂದು ನಿನ್ನೆಯದಲ್ಲ. ಮನುಷ್ಯ ಬಯಲಿನಲ್ಲಿ ಕುಳಿತು ಆಟ ನೋಡತೊಡಗಿದ ದಿನದಿಂದಲೂ ಇದು ನಡೆದುಬಂದಿದೆ. ಬಯಲಿನಲ್ಲಿ ಚಿತ್ರ ತೋರಿಸುವುದನ್ನು ನಾವು ಬಹು ಬೇಗ ಕಲಿತೆವು. ಮಾತು ಕೇಳಿಸುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಆ ಕಲಿಕೆಯ ಕಥೆಯನ್ನು ಅರಿತರೆ ನಮ್ಮ ಅಂಗಳದ ಸಮಸ್ಯೆಗೂ ಒಂದು ದಾರಿ ಕಾಣುತ್ತದೆ.

ಗೋಡೆಯಿಲ್ಲದ ಕೋಣೆ

ಮೊದಲು ಒಂದು ಸರಳ ಸಂಗತಿಯನ್ನು ಗಮನಿಸಬೇಕು. ಕೋಣೆಯೊಳಗೆ ಮಾತನಾಡಿದಾಗ ಗೋಡೆಗಳೂ ಚಾವಣಿಯೂ ಧ್ವನಿಯನ್ನು ಹಿಂದಿರುಗಿಸುತ್ತವೆ. ಕೇಳುಗನ ಕಿವಿಗೆ ನೇರವಾಗಿ ಬಂದ ಧ್ವನಿಯ ಜೊತೆಗೆ ಗೋಡೆಗೆ ಬಡಿದು ಬಂದದ್ದೂ ಸೇರುತ್ತದೆ. ಬಯಲಿನಲ್ಲಿ ಈ ನೆರವು ಇಲ್ಲ. ಹೊರಟ ಧ್ವನಿ ಎಲ್ಲ ದಿಕ್ಕಿಗೂ ಹರಡಿ ಹೋಗುತ್ತದೆ. ದೂರ ಎರಡರಷ್ಟಾದಂತೆಲ್ಲ ಅದರ ಮಟ್ಟ ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 2 ಮೀಟರ್ ದೂರದಲ್ಲಿ 70 ಡೆಸಿಬೆಲ್ ಇದ್ದದ್ದು 4 ಮೀಟರ್‌ಗೆ 64, 8 ಮೀಟರ್‌ಗೆ 58, 16 ಮೀಟರ್‌ಗೆ 52. ಮುಂದಿನ ಸಾಲಿನವರಿಗೆ ಕಿವಿ ಗುಯ್ಗುಟ್ಟುವಷ್ಟು, ಹಿಂದಿನ ಸಾಲಿನವರಿಗೆ ಕಿವಿಗೊಟ್ಟರೂ ಅರ್ಥವಾಗದಷ್ಟು. ಬಯಲಿನ ಮೂಲ ಕಷ್ಟ ಇದೇ.

ಇದಕ್ಕೆ ಹಿಂದಿನವರು ಹುಡುಕಿದ ಉತ್ತರ ಎರಡು ಬಗೆಯದು. ಒಂದು, ಬಯಲನ್ನೇ ತಿದ್ದುವುದು. ಗ್ರೀಸ್ ದೇಶದ ಎಪಿಡಾರಸ್‌ನಲ್ಲಿ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕಟ್ಟಿದ ಬಯಲು ರಂಗಮಂದಿರ ಇದಕ್ಕೆ ಹೆಸರಾದ ಉದಾಹರಣೆ. ಗುಡ್ಡದ ಇಳಿಜಾರಿಗೆ ಬೀಸಣಿಗೆಯಂತೆ ಹರಡಿದ ಸುಣ್ಣಕಲ್ಲಿನ ಮೆಟ್ಟಿಲುಗಳು. ಕೆಳಗೆ ವೃತ್ತಾಕಾರದ ರಂಗ. ಆ ಮೆಟ್ಟಿಲುಗಳ ಸಾಲು ಗಾಳಿಯ ಮೊರೆತ, ಜನರ ಗುಜುಗುಜು ಮೊದಲಾದ ಮಂದ್ರ ಸದ್ದುಗಳನ್ನು ಅಡಗಿಸಿ ಮಾತಿನ ಧ್ವನಿಗೆ ದಾರಿ ಬಿಡುತ್ತದೆಂದು 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ರಂಗದ ನಡುವೆ ನಾಣ್ಯ ಬಿದ್ದ ಸದ್ದೂ ಕಟ್ಟಕಡೆಯ ಸಾಲಿಗೆ ಕೇಳಿಸುತ್ತದೆ ಎಂಬ ಪ್ರವಾಸಿ ಮಾರ್ಗದರ್ಶಿಗಳ ಹೊಗಳಿಕೆ ಮಾತ್ರ ಹೆಚ್ಚಾಯಿತು ಎಂಬುದು 2017ರಲ್ಲಿ ಡಚ್ ತಜ್ಞರು ಅಲ್ಲಿ ಅಳತೆ ಮಾಡಿದಾಗ ಗೊತ್ತಾಯಿತು. ನಟ ಗಟ್ಟಿಯಾಗಿ ಆಡಿದ ಮಾತು ಕೊನೆಯ ಸಾಲಿಗೂ ತಲುಪುತ್ತದೆ, ಪಿಸುಮಾತು ತಲುಪುವುದಿಲ್ಲ.

ಎರಡನೆಯ ಉತ್ತರ ನಮ್ಮದು: ಬಯಲನ್ನು ಹಾಗೇ ಬಿಟ್ಟು ಕಂಠವನ್ನು ತಿದ್ದುವುದು. ಕರಾವಳಿಯ ಯಕ್ಷಗಾನಕ್ಕೂ ಉತ್ತರ ಕರ್ನಾಟಕದ ದೊಡ್ಡಾಟಕ್ಕೂ ‘ಬಯಲಾಟ’ವೆಂಬ ಹೆಸರೇ ಇದೆ. ಗದ್ದೆಯ ಕೊಯ್ಲಾದ ಮೇಲೆ ನಾಲ್ಕು ಕಂಬ ನೆಟ್ಟರೆ ರಂಗಸ್ಥಳ. ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದುದು ಸಂಗೀತದ ಅಭಿರುಚಿಯಿಂದ ಮಾತ್ರವಲ್ಲ. ತೆರೆದ ಬಯಲಿನಲ್ಲಿ ದೂರಕ್ಕೆ ತಲುಪುವುದು ಅಂಥ ಧ್ವನಿಯೇ. ಆಟ ಶುರುವಾಗುವ ಮೊದಲು ಬಾರಿಸುವ ಚಂಡೆಯಂತೂ ಸುತ್ತಲಿನ ಹಳ್ಳಿಗಳಿಗೆ ಕರೆಯೋಲೆ. ಹಗಲಿನಲ್ಲಿ ಅಷ್ಟಾಗಿ ಕೇಳದ ಸದ್ದು ರಾತ್ರಿ ಮೈಲಿಗಟ್ಟಲೆ ಸಾಗುವುದಕ್ಕೆ ನಿಶ್ಶಬ್ದವೊಂದೇ ಕಾರಣವಲ್ಲ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಧ್ವನಿಯ ವೇಗ ಹೆಚ್ಚು. ಹೀಗಾಗಿ ಮೇಲಕ್ಕೆ ಹೊರಟ ಧ್ವನಿ ಬಾಗಿ ಮತ್ತೆ ನೆಲದತ್ತ ಇಳಿಯುತ್ತದೆ. ಚಂಡೆಗೆ ವರವಾದ ಈ ಗುಣ ತಾರಸಿಯ ಸಿನಿಮಾಕ್ಕೆ ಶಾಪವಾಗುವುದನ್ನು ಮುಂದೆ ನೋಡೋಣ.

ಮಹಾಧ್ವನಿಯ ಹುಟ್ಟು

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಒಬ್ಬ ಮನುಷ್ಯನ ಮಾತು ಅವನ ಕಂಠದ ಅಳವಿಗೆ ಮೀರಿ ಹೋಗುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ನಾಪಾ ಎಂಬ ಪುಟ್ಟ ಊರಿನಲ್ಲಿ ಡೆನ್ಮಾರ್ಕ್ ಮೂಲದ ಪೀಟರ್ ಜೆನ್ಸನ್ ಮತ್ತು ಅಮೆರಿಕದ ಎಡ್ವಿನ್ ಪ್ರಿಡ್‌ಹ್ಯಾಮ್ ಎಂಬಿಬ್ಬರು ಟೆಲಿಫೋನಿನ ಕೇಳುಕೊಳವೆಯನ್ನು ಸುಧಾರಿಸಲು ಹೆಣಗುತ್ತಿದ್ದರು. ಆಯಸ್ಕಾಂತದ ನಡುವೆ ಅಲುಗಾಡುವ ತಂತಿಯ ಸುರುಳಿಯೊಂದನ್ನು ಅವರು ರೂಪಿಸಿದ್ದರು. 1915ರಲ್ಲಿ ಅದಕ್ಕೆ ಗ್ರಾಮಫೋನಿನ ಕಹಳೆಯಂಥ ಕೊಳವೆಯನ್ನು ಜೋಡಿಸಿದಾಗ ಮಾತು ಬಹುದೂರಕ್ಕೆ ಕೇಳಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರಸಭೆಯ ಮುಂದೆ ಕ್ರಿಸ್‌ಮಸ್ ಹಬ್ಬಕ್ಕೆ ಸೇರಿದ್ದ ಭಾರಿ ಜನಸಮೂಹಕ್ಕೆ ಅದರ ಪ್ರದರ್ಶನವಾಯಿತು. ಆ ಯಂತ್ರಕ್ಕೆ ಅವರಿಟ್ಟ ಹೆಸರು ‘ಮ್ಯಾಗ್ನಾವಾಕ್ಸ್’. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ಮಹಾಧ್ವನಿ’.

1919ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಗಾಜಿನ ಗೂಡಿನೊಳಗೆ ನಿಂತು ಸುಮಾರು 50,000 ಜನರಿಗೆ ಇದೇ ಯಂತ್ರದ ಮೂಲಕ ಭಾಷಣ ಮಾಡಿದರು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬವರು ಕಹಳೆಯ ಬದಲು ಕಾಗದದ ಶಂಕುವನ್ನು ಅಲುಗಾಡಿಸುವ ಸ್ಪೀಕರನ್ನು ರೂಪಿಸಿದರು. ಇಂದು ನಮ್ಮ ಮನೆಯ ಟಿ.ವಿ.ಯಲ್ಲಿ, ರೇಡಿಯೋದಲ್ಲಿ ಇರುವುದು ಹೆಚ್ಚುಕಡಿಮೆ ಅದರ ಸಂತತಿಯೇ.

ಭಾರತಕ್ಕೆ ಮಹಾಧ್ವನಿ ಬಂದದ್ದು ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ. ಗಾಂಧೀಜಿ, ನೆಹರೂ ಮೊದಲಾದವರು ಭಾಷಣ ಮಾಡುತ್ತಿರುವ ಹಳೆಯ ಚಿತ್ರಗಳನ್ನು ಗಮನಿಸಿದವರಿಗೆ ಮೈಕಿನ ಮೇಲೆ ‘ಷಿಕಾಗೋ ರೇಡಿಯೋ’ ಎಂಬ ಬರಹ ಕಂಡಿರಬಹುದು. ಹೆಸರು ಅಮೆರಿಕದ್ದಾದರೂ ಅದು ಮೋಟ್ವಾನೆ ಮನೆತನದ ಭಾರತೀಯ ಸಂಸ್ಥೆ. ಮುಂದೆ ಊರೂರಿನ ಮೈಕ್‌ಸೆಟ್ ಅಂಗಡಿಗಳು ಹುಟ್ಟಿ, ಮದುವೆ, ಜಾತ್ರೆ, ಗಣೇಶೋತ್ಸವ ಎಲ್ಲಕ್ಕೂ ಕಂಬದ ತುದಿಯ ಕಹಳೆ ಅನಿವಾರ್ಯವೆನಿಸಿತು. ಪತ್ರಿಕೆಗಳು ಅದಕ್ಕೆ ‘ಮೈಕಾಸುರ’ ಎಂದು ನಾಮಕರಣ ಮಾಡುವ ಕಾಲವೂ ಬಂತು.

ಡೇರೆಯ ತುದಿಯ ಕಹಳೆ

ಸಿನಿಮಾ ನಮ್ಮಲ್ಲಿಗೆ ಬಂದದ್ದು ಮೂಕಿಯಾಗಿ. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲ ಪ್ರದರ್ಶನವಾಯಿತು. ಕೆಲವೇ ವರ್ಷಗಳಲ್ಲಿ ಅಬ್ದುಲಲ್ಲಿ ಈಸೂಫಲ್ಲಿಯಂಥ ಸಾಹಸಿಗಳು ಡೇರೆ ಹೊತ್ತು ಊರೂರು ಸುತ್ತತೊಡಗಿದರು. ಚಿತ್ರ ಮೂಕವಾಗಿದ್ದರೂ ಡೇರೆ ಮೂಕವಾಗಿರಲಿಲ್ಲ. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಕಥೆ ವಿವರಿಸಲು ದೊಡ್ಡ ಗಂಟಲಿನ ಒಬ್ಬ ನಿರೂಪಕ. ಬಯಲಾಟದ ಪದ್ಧತಿಯೇ ಹೊಸ ವೇಷದಲ್ಲಿ ಬಂದಂತಾಗಿತ್ತು.

1931ರಲ್ಲಿ ‘ಆಲಂ ಆರಾ’, 1934ರ ಮಾರ್ಚ್‌ನಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದ ಮೇಲೆ ಟೂರಿಂಗ್ ಸಿನಿಮಾ ‘ಟೂರಿಂಗ್ ಟಾಕೀಸ್’ ಆಯಿತು. ನೆಲ, ಬೆಂಚು, ಕುರ್ಚಿ ಎಂಬ ಮೂರು ವರ್ಗದ ಆ ಡೇರೆಯ ನೆನಪು ಹಿರಿಯರಲ್ಲಿ ಇನ್ನೂ ಹಸಿರಾಗಿದೆ. ಸಂಜೆ ಡೇರೆಯ ಕಂಬದ ತುದಿಯ ಕಹಳೆಯಿಂದ ದೇವರ ಹಾಡು ಹೊರಟಿತೆಂದರೆ ಆಟಕ್ಕೆ ಸಮಯವಾಯಿತೆಂದು ಅರ್ಥ. ಹೊಲದಲ್ಲಿದ್ದವರು ಎತ್ತು ಬಿಚ್ಚುತ್ತಿದ್ದರು. ಮನೆಯಲ್ಲಿದ್ದವರು ಒಲೆ ಆರಿಸುತ್ತಿದ್ದರು. ಒಳಗೆ ಪರದೆಯ ಹಿಂದೆ ಸ್ಪೀಕರ್. ಬಟ್ಟೆಯ ಗೋಡೆ ಧ್ವನಿಯನ್ನು ತಡೆಯಬಲ್ಲುದೆ? ಟಿಕೆಟ್ಟಿಗೆ ಕಾಸಿಲ್ಲದ ಹುಡುಗರು ಡೇರೆಯ ಹೊರಗೆ ಕುಳಿತು ಇಡೀ ಸಿನಿಮಾವನ್ನು ಕಿವಿಯಿಂದಲೇ ನೋಡಿ, ಮರುದಿನ ಸಂಭಾಷಣೆ ಒಪ್ಪಿಸುತ್ತಿದ್ದರು. ಊರಿಗೆ ಅದೊಂದೇ ಮನರಂಜನೆಯಾಗಿದ್ದ ಆ ಕಾಲದಲ್ಲಿ ಹೊರಕ್ಕೆ ಸೋರಿದ ಧ್ವನಿ ಹಲವರಿಗೆ ಪುಕ್ಕಟೆ ಸಿಕ್ಕ ಪ್ರಸಾದವಾಗಿತ್ತು.

ಅಂಗಳದಲ್ಲಿ ನಡೆದ ಒಂದು ಪ್ರಯೋಗ

ಇದೇ ಕಾಲದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬಾತ ತನ್ನ ಮನೆಯ ಅಂಗಳದಲ್ಲಿ ಒಂದು ಪ್ರಯೋಗ ನಡೆಸುತ್ತಿದ್ದ. ಎರಡು ಮರಗಳ ನಡುವೆ ಬಿಳಿಯ ಬಟ್ಟೆ ಕಟ್ಟಿ, ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಧ್ವನಿಗಾಗಿ ಪರದೆಯ ಹಿಂದೆ ಒಂದು ರೇಡಿಯೋ ಇರಿಸಿದ. ಕಾರಿನ ಕಿಟಕಿ ಇಳಿಸಿ, ಏರಿಸಿ ಎಷ್ಟು ಕೇಳುತ್ತದೆಂದು ಪರೀಕ್ಷಿಸಿದ. ಮಳೆ ಬಂದರೆ ಹೇಗೆಂದು ತಿಳಿಯಲು ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರವನ್ನು ಕಾರಿನ ಮೇಲೆ ಹಾಯಿಸಿದ. ಇಂದು ಅಂಗಳದಲ್ಲಿ ಸಿನಿಮಾ ತೋರಿಸುವ ಗೃಹಸ್ಥರೆಲ್ಲ ತಿಳಿದೋ ತಿಳಿಯದೆಯೋ ಈತನ ಶಿಷ್ಯರೇ.

1933ರ ಮೇ ತಿಂಗಳಲ್ಲಿ ಹಾಲಿಂಗ್ಸ್‌ಹೆಡ್‌ಗೆ ಪೇಟೆಂಟ್ ಸಿಕ್ಕಿತು. ಜೂನ್ 6ರಂದು ಕ್ಯಾಮ್‌ಡೆನ್ ಬಳಿ ಸುಮಾರು 400 ಕಾರು ನಿಲ್ಲಬಹುದಾದ ಜಗತ್ತಿನ ಮೊದಲ ‘ಡ್ರೈವ್-ಇನ್’ ಚಿತ್ರಮಂದಿರ ತೆರೆಯಿತು. ಆರ್‌ಸಿಎ ವಿಕ್ಟರ್ ಕಂಪನಿ ಪರದೆಯ ಬಳಿ ಮೂರು ಭಾರಿ ಸ್ಪೀಕರ್‌ಗಳನ್ನು ನಿಲ್ಲಿಸಿತು. ಆಗ ಎರಡು ತೊಂದರೆಗಳು ಒಟ್ಟಿಗೇ ತಲೆದೋರಿದವು.

ಮೊದಲನೆಯದು, ತಡವಾಗಿ ಬರುವ ಮಾತು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದವರಿಗೆ ಇದು ಗೊತ್ತು: ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಸ್ಪೀಕರ್‌ನಿಂದ ನೂರು ಮೀಟರ್ ದೂರದ ಕಾರಿಗೆ ಮಾತು ತಲುಪಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟರಲ್ಲಿ ಪರದೆಯ ಮೇಲೆ ಏಳು ಚೌಕಟ್ಟುಗಳು ಸರಿದುಹೋಗಿರುತ್ತವೆ. ನಾಯಕಿ ಬಾಯಿ ಮುಚ್ಚಿದ ಮೇಲೆ ಅವಳ ಮಾತು ಕೇಳಿಸಿದರೆ ನೋಡುವವನಿಗೆ ಹೇಗಾಗಬೇಡ!

ಎರಡನೆಯದು, ನೆರೆಹೊರೆಯವರ ದೂರು. ಹಿಂದಿನ ಸಾಲಿಗೆ ಕೇಳಿಸಬೇಕೆಂದು ಧ್ವನಿ ಏರಿಸಿದರೆ ಸುತ್ತಲಿನ ನಿವಾಸಿಗಳ ನಿದ್ದೆ ಕೆಡುತ್ತಿತ್ತು. ರಾತ್ರಿಯ ತಂಪು ನೆಲ ಅಲ್ಲಿಯೂ ಧ್ವನಿಯನ್ನು ಬಾಗಿಸಿ ದೂರದ ಮನೆಗಳ ಮೇಲೆ ಇಳಿಸುತ್ತಿತ್ತು. ಡೇರೆಯ ಹೊರಗಿನ ಹುಡುಗನಿಗೆ ಪ್ರಸಾದವಾದದ್ದು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದವನಿಗೆ ಪೀಡೆಯಾಯಿತು.

ಪರಿಹಾರ ತಕ್ಷಣ ಸಿಗಲಿಲ್ಲ. ಕೆಲವರು ಕಾರುಗಳ ಕೆಳಗೆ ನೆಲದಲ್ಲಿ ಸ್ಪೀಕರ್ ಹೂತರು. ಕೊನೆಗೆ 1941ರಲ್ಲಿ ಆರ್‌ಸಿಎ, ಪ್ರತಿಯೊಂದು ಕಾರಿನ ಕಿಟಕಿಗೂ ನೇತುಹಾಕುವ ಪುಟ್ಟ ಸ್ಪೀಕರನ್ನು ತಂದಿತು. ಅದಕ್ಕೊಂದು ತಿರುಪು, ಬೇಕಾದಷ್ಟು ಹೆಚ್ಚಿಸಿ ತಗ್ಗಿಸಿಕೊಳ್ಳುವುದು ಆಯಾ ಕಾರಿನವರಿಗೇ ಬಿಟ್ಟದ್ದು. ತಂತಿಯಲ್ಲಿ ವಿದ್ಯುತ್ತಾಗಿ ಬಂದ ಧ್ವನಿಗೆ ತಡವಿಲ್ಲ. ಕಾರಿನಿಂದ ಹೊರಕ್ಕೆ ಸೋರಿಕೆಯೂ ಅತ್ಯಲ್ಪ. ಯುದ್ಧ ಮುಗಿದ ಮೇಲೆ ಈ ಏರ್ಪಾಡು ಎಲ್ಲೆಡೆ ಹಬ್ಬಿತು. 1958ರ ಹೊತ್ತಿಗೆ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಡ್ರೈವ್-ಇನ್‌ಗಳಿದ್ದವು. ಮುಂದೆ ಕಾರಿನ ರೇಡಿಯೋದಲ್ಲೇ ಧ್ವನಿ ಬರುವಂತಾಗಿ ಕಿಟಕಿಯ ಸ್ಪೀಕರೂ ಮರೆಯಾಯಿತು. ನಮ್ಮ ದೇಶದಲ್ಲಿ ಅಹಮದಾಬಾದಿನಲ್ಲಿ 1973ರಲ್ಲಿ ಡ್ರೈವ್-ಇನ್ ಚಿತ್ರಮಂದಿರ ಶುರುವಾಯಿತು.

ಈ ಕಥೆಯಲ್ಲಿ ಒಂದು ಮುಖ್ಯ ತಿರುವಿದೆ. ಅಲ್ಲಿಯವರೆಗೆ ಎಲ್ಲರೂ ಯೋಚಿಸುತ್ತಿದ್ದುದು ‘ಧ್ವನಿಯನ್ನು ಎಷ್ಟು ದೊಡ್ಡದು ಮಾಡಲಿ?’ ಎಂದು. ಡ್ರೈವ್-ಇನ್ ಆ ಪ್ರಶ್ನೆಯನ್ನೇ ಬದಲಿಸಿ, ‘ಧ್ವನಿಯನ್ನು ಎಷ್ಟು ಹತ್ತಿರ ತರಲಿ?’ ಎಂದು ಕೇಳಿತು.

ಊರಿಗೊಂದು ಪೆಟ್ಟಿಗೆ

ಕರ್ನಾಟಕದ ಹಳ್ಳಿಗಳಿಗೆ ಟಿ.ವಿ. ಬಂದದ್ದೂ ಬಯಲಿಗೇ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ‘ಎಟಿಎಸ್-6’ ಉಪಗ್ರಹದ ನೆರವಿನಿಂದ ಇಸ್ರೋ ಸಂಸ್ಥೆ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕಾಗಿ ಆರಿಸಲಾಯಿತು. ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳೂ ಅದರಲ್ಲಿ ಸೇರಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ 3 ಮೀಟರ್ ಅಗಲದ ಆಂಟೆನಾ, ಒಂದು ಟಿ.ವಿ. ಪೆಟ್ಟಿಗೆ. ಸಂಜೆ ಅದರ ಮುಂದೆ ಊರೇ ನೆರೆಯುತ್ತಿತ್ತು.

ಆ ಪ್ರಯೋಗದ ಸ್ವಾರಸ್ಯವಿರುವುದು ಧ್ವನಿಯಲ್ಲಿ. ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸಬಲ್ಲುದಾಗಿತ್ತು. ಹೀಗಾಗಿ ಒಂದೇ ಚಿತ್ರವನ್ನು ಆಂಧ್ರದ ಹಳ್ಳಿಯವರು ತೆಲುಗಿನಲ್ಲಿಯೂ ಕರ್ನಾಟಕದ ಹಳ್ಳಿಯವರು ಕನ್ನಡದಲ್ಲಿಯೂ ಕೇಳುವುದು ಸಾಧ್ಯವಾಯಿತು. ಬೆಳೆ, ಆರೋಗ್ಯ, ಕುಟುಂಬ ಯೋಜನೆಗಳ ಮಾಹಿತಿಯಲ್ಲಿ ಚಿತ್ರಕ್ಕಿಂತ ಮಾತೇ ಮುಖ್ಯ. ಯಾವ ರೋಗಕ್ಕೆ ಏನು ಮಾಡಬೇಕೆಂಬ ಮಾತು ಹಿಂದೆ ನಿಂತ ಹೆಣ್ಣುಮಗಳಿಗೆ ಕೇಳಿಸದಿದ್ದರೆ ಆಕಾಶದ ಉಪಗ್ರಹದಿಂದ ಅವಳಿಗೇನು ಪ್ರಯೋಜನ? ಬಯಲಿನಲ್ಲಿ ಮಾತು ಕೇಳಿಸುವುದು ಕೇವಲ ಮನರಂಜನೆಯ ವಿಷಯವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮುಂದೆ ಟಿ.ವಿ. ಮನೆಯೊಳಗೆ ಹೋಯಿತು, ಆದರೂ ಬಯಲನ್ನು ಪೂರ್ತಿ ಬಿಡಲಿಲ್ಲ. 1987-88ರಲ್ಲಿ ಭಾನುವಾರದ ‘ರಾಮಾಯಣ’ಕ್ಕಾಗಿ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟು ಅಥವಾ ಕಿಟಕಿಯತ್ತ ತಿರುಗಿಸಿ ಕೇರಿಯವರಿಗೆಲ್ಲ ತೋರಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಕೇರಿಯವರೆಲ್ಲ ಅಂಗಳದಲ್ಲಿಯೇ ಇದ್ದಾಗ, ಧ್ವನಿ ಹೆಚ್ಚಾಯಿತೆಂದು ದೂರುವವರು ಯಾರು?

ಕಾನೂನಿನ ಗೆರೆ

ಎಲ್ಲರೂ ಒಂದೇ ಆಟ ನೋಡುವ ಕಾಲ ಹೋಯಿತು. ಇಂದು ಒಂದು ಮನೆಯಲ್ಲಿ ಪಂದ್ಯ, ಪಕ್ಕದಲ್ಲಿ ಪರೀಕ್ಷೆ, ಅದರಾಚೆ ರಾತ್ರಿ ಪಾಳಿ ಮುಗಿಸಿ ಮಲಗಿದವರು, ಕಾಯಿಲೆಯಿಂದ ನರಳುವವರು. 2000ದಲ್ಲಿ ಕೇಂದ್ರ ಸರ್ಕಾರ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳನ್ನು ತಂದಿತು. ವಾಸದ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬುದು ಅದರ ಮಿತಿ. ಇಲ್ಲಿ ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಖಾಸಗಿ ಜಾಗದ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪು ರಾತ್ರಿಯ ಧ್ವನಿವರ್ಧಕಗಳ ಮೇಲಿನ ನಿರ್ಬಂಧವನ್ನು ಮತ್ತಷ್ಟು ಬಿಗಿಗೊಳಿಸಿತು.

ನಮ್ಮ ಅಂಗಳಕ್ಕೆ

ಈಗ ನಮ್ಮ ಅಜ್ಜಿಯ ಬಳಿಗೆ ಮರಳೋಣ. ಪರದೆಯ ಪಕ್ಕದಲ್ಲಿ ಒಂದು ದೊಡ್ಡ ಸ್ಪೀಕರ್ ಇದೆ, ಅಜ್ಜಿ 8 ಮೀಟರ್ ದೂರದಲ್ಲಿದ್ದಾರೆ, ಪಕ್ಕದ ಮನೆಯ ಬೇಲಿ ಅವರ ಹಿಂದೆ ಇನ್ನೂ 8 ಮೀಟರ್ ಆಚೆ ಇದೆ ಎಂದಿಟ್ಟುಕೊಳ್ಳೋಣ. ಅಜ್ಜಿಗೆ 65 ಡೆಸಿಬೆಲ್ ಕೇಳಿಸಬೇಕಾದರೆ ಬೇಲಿಯಲ್ಲಿ 59 ಇರುತ್ತದೆ. ಹತ್ತು ಗಂಟೆಗೆ ಮುಂಚಿನ 60ರ ಗೆರೆಗೆ ಅದು ತಾಗಿಕೊಂಡೇ ಇದೆ. ಹತ್ತರ ನಂತರದ 50ರ ಗೆರೆಯನ್ನಂತೂ ದಾಟಿಬಿಡುತ್ತದೆ. ಅದರ ಬದಲು ಅಜ್ಜಿಯ ಮುಂದೆ 2 ಮೀಟರ್ ದೂರದಲ್ಲಿ ಪುಟ್ಟ ಸ್ಪೀಕರ್ ಇಟ್ಟರೆ, ಅದೇ 65 ಡೆಸಿಬೆಲ್ ಅವರಿಗೆ ತಲುಪುತ್ತದೆ, ಬೇಲಿಯಲ್ಲಿ ಉಳಿಯುವುದು 51 ಮಾತ್ರ. ಅಂಥ ಎರಡು ಸ್ಪೀಕರ್ ಇಟ್ಟರೆ ಎರಡು ಮೂರು ಡೆಸಿಬೆಲ್ ಹೆಚ್ಚಬಹುದು, ಅಷ್ಟೆ. ಅಜ್ಜಿಗೆ ಕೇಳಿಸುವುದರಲ್ಲಿ ಕಿಂಚಿತ್ತೂ ಕಡಿಮೆಯಾಗಲಿಲ್ಲ. ಪಕ್ಕದ ಮನೆಯ ಮಗುವಿಗೆ ಮಾತ್ರ ದೊಡ್ಡ ನೆಮ್ಮದಿ. ಡ್ರೈವ್-ಇನ್‌ನ ಕಿಟಕಿಯ ಸ್ಪೀಕರ್ ಕಲಿಸಿದ ಪಾಠ ಇದೇ.

ಇನ್ನುಳಿದವು ಸಣ್ಣ ಸಂಗತಿಗಳು. ಬಯಲಿನಲ್ಲಿ ಮಂದ್ರ ಸ್ವರ ತೆಳುವಾಗಿ ಕೇಳಿಸುತ್ತದೆಂದು ದೊಡ್ಡ ‘ಬಾಸ್’ ಪೆಟ್ಟಿಗೆ ತರುವುದು ಹಲವರ ರೂಢಿ. ಆದರೆ ಗೋಡೆಯನ್ನು ತೂರಿ ಪಕ್ಕದ ಮನೆಗೆ ಹೋಗುವುದು ಆ ಗುಡುಗುಡು ಸದ್ದೇ. ಮಾತಿನ ಸ್ಪಷ್ಟತೆಗೆ ಅದರಿಂದ ಲಾಭವಿಲ್ಲ. ಸ್ಪೀಕರಿನ ಮುಖ ನಮ್ಮ ಮನೆಯ ಗೋಡೆಯ ಕಡೆಗಿರಲಿ, ಬೇಲಿಯ ಕಡೆಗೆ ಬೇಡ; ಅದಕ್ಕೆ ತಕ್ಕಂತೆ ಪರದೆಯನ್ನು ಬೇಲಿಯ ಕಡೆ ಕಟ್ಟಿ ನಾವು ಮನೆಗೆ ಬೆನ್ನು ಮಾಡಿ ಕುಳಿತರಾಯಿತು. ಬ್ಲೂಟೂತ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬಂದು ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪುವುದುಂಟು. ಕ್ಯಾಮ್‌ಡೆನ್‌ನ ಹಿಂದಿನ ಸಾಲಿನ ಹಳೆಯ ತೊಂದರೆಯೇ ಬೇರೆ ದಾರಿಯಿಂದ ಮರಳಿದಂತೆ. ತಂತಿ ಎಳೆದರೆ ಆ ಗೋಜಿಲ್ಲ. ಅಪರೂಪಕ್ಕೊಮ್ಮೆ ನೋಡುವವರು ಸ್ಪೀಕರನ್ನು ಹೊರಗೆ ಕಾಯಂ ಆಗಿ ಬಿಡಬೇಕಾಗಿಲ್ಲ. ಆಟ ಮುಗಿದ ಮೇಲೆ ಒಳಗಿಟ್ಟರೆ ಮಳೆ ಇಬ್ಬನಿಗಳ ಭಯವಿರದು. ಒದ್ದೆ ನೆಲದ ಮೇಲೆ ವಿದ್ಯುತ್ ತಂತಿ ಹಾಯದಂತೆ ನೋಡಿಕೊಳ್ಳಬೇಕು. ಹತ್ತು ಗಂಟೆ ದಾಟಿದ ಮೇಲೂ ಪಂದ್ಯ ಉಳಿದಿದ್ದರೆ ಮನೆಯೊಳಗೆ ಹೋಗಿ ನೋಡುವುದು ಉತ್ತಮ.

ಚಂಡೆಯ ಸದ್ದು ಊರನ್ನು ಕರೆಯಲೆಂದೇ ಇತ್ತು. ಕರೆದವರಿಗೂ ಬಂದವರಿಗೂ ಅದು ಹಬ್ಬ. ಇಂದು ನಮ್ಮ ಅಂಗಳದ ಆಟಕ್ಕೆ ಊರನ್ನು ಕರೆದಿರುವುದಿಲ್ಲ. ಕರೆಯದವರ ಮನೆಗೆ ನಮ್ಮ ಧ್ವನಿ ಹೋಗದಿರುವುದೇ ಮರ್ಯಾದೆ. ಅಥವಾ ಇನ್ನೊಂದು ದಾರಿಯೂ ಇದೆ, ಅದು ಹಳೆಯ ದಾರಿ: ಮಗುವಿನ ಪರೀಕ್ಷೆ ಯಾವಾಗ ಮುಗಿಯುತ್ತದೆಂದು ಕೇಳಿ ತಿಳಿದುಕೊಂಡು, ಮರುದಿನ ಪರದೆ ಕಟ್ಟಿ, ಪಕ್ಕದ ಮನೆಯವರನ್ನೂ ಅಂಗಳಕ್ಕೆ ಕರೆಯುವುದು. ಅಜ್ಜಿಯ ಪಕ್ಕದಲ್ಲಿ ಇನ್ನೂ ಎರಡು ಕುರ್ಚಿಗೆ ಜಾಗವಿದ್ದೇ ಇರುತ್ತದೆ.